ಎರಡೂ ಕಣ್ಣಿನ ಪೊರೆ ಒಂದೇ ದಿನ ತೆಗೆಸಬಹುದಾ?

"ಎರಡನ್ನೂ ಒಂದೇ ಸಲ ಮುಗಿಸಿಬಿಡೋಕೆ ಹೇಳಪ್ಪ, ಎರಡೆರಡು ಸಲ ಬೆಂಗಳೂರಿಗೆ ಯಾರು ಓಡಾಡೋದು?" ತಿಪಟೂರಿನ ಕಡೆಯಿಂದ ಬಂದಿದ್ದ ಅಮ್ಮ ಕೇಳಿದ್ದು ನನಗೂ ಸರಿ ಅನಿಸಿತ್ತು. ಡಾಕ್ಟರು ಒಪ್ಪಲಿಲ್ಲ. ಯಾಕೆ ಅಂತ ಓದಲು ಕೂತೆ.

ಮುಖ್ಯ ಭಯ ಸೋಂಕಿನದು. ಆಪರೇಷನ್ ಆದ ಮೇಲೆ ಕಣ್ಣೊಳಗೆ ಸೋಂಕಾಗುವುದು ತೀರಾ ಅಪರೂಪ. ಆದರೆ ಒಮ್ಮೆ ಆಯಿತೆಂದರೆ ದೃಷ್ಟಿಯೇ ಹೋಗಬಹುದು. ಬೇರೆ ಬೇರೆ ದಿನ ಮಾಡಿದರೆ ಇನ್ನೊಂದು ಕಣ್ಣಾದರೂ ಉಳಿಯುತ್ತೆ ಅನ್ನೋದು ಹಳೆಯ ಲೆಕ್ಕ.

ಇದನ್ನು ನೆದರ್‌ಲೆಂಡ್ಸ್‌ನ 10 ಆಸ್ಪತ್ರೆಗಳಲ್ಲಿ 865 ಮಂದಿಯ ಮೇಲೆ ಪರೀಕ್ಷಿಸಿದರು. ಫಲಿತಾಂಶ 2023ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಒಂದೇ ದಿನ ಎರಡೂ ಕಣ್ಣಿಗೆ ಮಾಡಿಸಿಕೊಂಡವರ ಲೆನ್ಸ್ ಪವರ್ ಉಳಿದವರಷ್ಟೇ ಸರಿಯಾಗಿ ಕೂತಿತ್ತು, ಖರ್ಚೂ ಕಡಿಮೆ. ಸೋಂಕು ಕಂಡದ್ದು ಒಬ್ಬರಿಗೆ ಮಾತ್ರ, ಅವರೂ ಬೇರೆ ಬೇರೆ ದಿನ ಮಾಡಿಸಿಕೊಂಡವರು. ಹಾಗಂತ ಕುಣಿಯುವಂತಿಲ್ಲ. ಅರವಿಂದ್ ಕಣ್ಣಿನ ಆಸ್ಪತ್ರೆಗಳು 6 ಲಕ್ಷಕ್ಕೂ ಹೆಚ್ಚು ಕಣ್ಣುಗಳ ಲೆಕ್ಕ ಇಟ್ಟಾಗ, ಕಣ್ಣೊಳಗೇ ಮಾಕ್ಸಿಫ್ಲಾಕ್ಸಾಸಿನ್ ಹಾಕಿದರೆ ಸೋಂಕು ಶೇ. 0.07ರಿಂದ 0.02ಕ್ಕೆ ಇಳಿದದ್ದು ಗೊತ್ತಾಯಿತು. ಅಂದರೆ 10 ಸಾವಿರದಲ್ಲಿ 2 ಕಣ್ಣು. ಇಷ್ಟು ಅಪರೂಪದ್ದನ್ನು 865 ಜನರಲ್ಲಿ ಅಳೆಯಲಾಗದು.

ಒಂದೇ ದಿನ ಮಾಡುವ ಕಡೆ ನಿಯಮವೂ ಬಿಗಿ. ಎರಡನೇ ಕಣ್ಣೆಂದರೆ ಎರಡನೇ ರೋಗಿ ಅಂತಲೇ ಲೆಕ್ಕ. ಗ್ಲೌಸ್, ಗೌನ್ ಹೊಸದು, ಉಪಕರಣಗಳನ್ನು ಬೇರೆಯಾಗಿ ಸ್ಟೆರಿಲೈಸ್ ಮಾಡಿರಬೇಕು, ಜೆಲ್ ಮತ್ತು ಔಷಧಿ ಸಾಧ್ಯವಾದಷ್ಟೂ ಬೇರೆ ಬ್ಯಾಚಿನದ್ದಾಗಿರಬೇಕು. ಮೊದಲ ಕಣ್ಣಲ್ಲಿ ತೊಡಕಾದರೆ ಅಲ್ಲಿಗೇ ನಿಲ್ಲಿಸಬೇಕು. ಬ್ಯಾಚ್ ಯಾಕೆ ಮುಖ್ಯ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. 2019ರ ಜುಲೈನಲ್ಲಿ ಬೆಂಗಳೂರಿನ ಮಿಂಟೊ ಆಸ್ಪತ್ರೆಯಲ್ಲಿ ಪೊರೆ ತೆಗೆಸಿಕೊಂಡ ಹಲವರ ದೃಷ್ಟಿ ಹೋಯಿತು. ಅನುಮಾನ ಬಿದ್ದದ್ದು ಆಪರೇಷನ್ನಿಗೆ ಬಳಸಿದ ಜೆಲ್ ಮೇಲೆ.

ಅಮ್ಮನಿಗೆ ಇನ್ನೊಂದು ತೊಡಕಿತ್ತು. ದೊಡ್ಡ ಮೈನಸ್ ಪವರ್. ಅಂಥ ಕಣ್ಣಿಗೆ ಲೆನ್ಸ್ ಲೆಕ್ಕ ತಪ್ಪುವ ಸಾಧ್ಯತೆ ಜಾಸ್ತಿ. ಮೊದಲ ಕಣ್ಣು ನೋಡಿಕೊಂಡು ಎರಡನೆಯದನ್ನು ಸರಿಪಡಿಸಬಹುದು, ಒಂದೇ ದಿನವಾದರೆ ಆ ಅವಕಾಶ ಇಲ್ಲ. ಗ್ಲಾಕೋಮಾ, ಸಕ್ಕರೆ ಕಾಯಿಲೆಯಿಂದ ರೆಟಿನಾ ಕೆಟ್ಟವರಿಗೂ ಸಾಮಾನ್ಯವಾಗಿ ಬೇಡ ಅನ್ನುತ್ತಾರೆ.

"ಜೆಲ್ ಬೇರೆ ಬ್ಯಾಚಿನದು ಸಿಗುತ್ತಾ ಸರ್?" ಅಂತ ಕೇಳಿದೆ. "ಸ್ಟೋರಲ್ಲಿ ಇರೋದು ಒಂದೇ ಬ್ಯಾಚು" ಅಂದರು. ಒಂದು ಕಣ್ಣಿಗೇ ಒಪ್ಪಿಕೊಂಡೆವು.

ಆದರೆ ಕಾಯುವುದೂ ಪುಕ್ಕಟೆ ಅಲ್ಲ. ಒಂದು ಕಣ್ಣಿಗೆ ಕನ್ನಡಕವೇ ಬೇಡ, ಇನ್ನೊಂದಕ್ಕೆ ದಪ್ಪ ಗಾಜು. ಮೂರು ವಾರ ಅಮ್ಮ ಗೋಡೆ ಹಿಡಿದುಕೊಂಡೇ ಮೆಟ್ಟಿಲಿಳಿದರು.