ಬೇರಿನ ಹಸಿವನ್ನು ಅರಿಯಿರಿ

ಮಲೆನಾಡಿನ ಹುಳಿ ಮಣ್ಣಿನಲ್ಲಿ ರಂಜಕವಿದ್ದರೂ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶಗಳು ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ಸಾರಜನಕದಂತೆ ಅದು ನೀರಿನೊಡನೆ ಸುಲಭವಾಗಿ ಹರಿದು ಬಾರದು. ಬೇರೇ ಅದನ್ನು ಅರಸಿ ಹೋಗಬೇಕು.

ರಂಜಕದ ಕೊರತೆಯಾದಾಗ ಬೇರಿನ ತುದಿಯಲ್ಲಿ ಆಕ್ಸಿನ್ ಎಂಬ ಹಾರ್ಮೋನು ಹೆಚ್ಚಿ, ಬೇರುರೋಮಗಳನ್ನು ಉದ್ದವಾಗಿ ಬೆಳೆಸುತ್ತದೆ. ಭತ್ತದಲ್ಲಿ ಇದನ್ನು ವಿಜ್ಞಾನಿಗಳು 2018ರಲ್ಲಿ ತೋರಿಸಿಕೊಟ್ಟರು. ಸ್ಟ್ರಿಗೊಲ್ಯಾಕ್ಟೋನ್ ಎಂಬ ಇನ್ನೊಂದು ಹಾರ್ಮೋನು ಬೇರಿನಿಂದ ಮಣ್ಣಿಗಿಳಿದು ಉಪಕಾರಿ ಶಿಲೀಂಧ್ರವನ್ನು ಕರೆಯುತ್ತದೆ. ಶಿಲೀಂಧ್ರದ ಎಳೆಗಳು ಬೇರಿಗೆ ಎಟುಕದ ರಂಜಕವನ್ನು ಗಿಡಕ್ಕೆ ತಂದುಕೊಡುತ್ತವೆ; ಗಿಡ ಪ್ರತಿಯಾಗಿ ಸಕ್ಕರೆ ಕೊಡುತ್ತದೆ.

ಕಾಫಿ, ಅಡಿಕೆಗಳ ಆಹಾರ ಹೀರುವ ಬೇರುಗಳು ಬಹುಪಾಲು ಮೇಲ್ಮಣ್ಣಿನಲ್ಲೇ ಇವೆ. ಗೊಬ್ಬರ ಹಾಕುವ ಭರದಲ್ಲಿ ಬುಡವನ್ನು ಆಳವಾಗಿ ಅಗೆದರೆ, ದುಡ್ಡು ಕೊಟ್ಟು ತಂದ ಗೊಬ್ಬರವನ್ನು ಉಣ್ಣುವ ಬಾಯಿಯನ್ನೇ ಕತ್ತರಿಸಿದಂತಾಗುತ್ತದೆ.

ಆದುದರಿಂದ ಬೆಳೆಗಾರರು ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಹುಳಿ ಹೆಚ್ಚಿದ್ದರೆ ಸುಣ್ಣ ಕೊಡಬೇಕು. ಫಲ ಕೊಡುವ ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬುದು ಸಾಮಾನ್ಯ ಶಿಫಾರಸು. ಮಣ್ಣನ್ನು ಹಗುರವಾಗಿ ಕೆದಕಿ ಗೊಬ್ಬರ ಬೆರೆಸಿ, ಮೇಲೆ ದರಗು ಹೊದಿಸಿರಿ. ಬೇರು ಉಳಿದರೆ ಗೊಬ್ಬರದ ಖರ್ಚು ಗಿಡಕ್ಕೆ ಸೇರುತ್ತದೆ.