ಮಾರ್ಗದರ್ಶಕರಿಲ್ಲದ ಕಪ್ಪು ಕರಡಿ ಬೇಟೆ

ಮಾರ್ಗದರ್ಶಕರಿಲ್ಲದ ಕಪ್ಪು ಕರಡಿ ಬೇಟೆ ಎಂದರೆ ವೃತ್ತಿನಿರತ ಮಾರ್ಗದರ್ಶಕರ ಸೇವೆ ಪಡೆಯದೆ, ಬೇಟೆಗಾರನು ತಾನೇ ಪ್ರದೇಶವನ್ನು ಆರಿಸಿ, ಪರವಾನಗಿ ಪಡೆದು, ಅಮೆರಿಕದ ಕಪ್ಪು ಕರಡಿಯನ್ನು (ಉರ್ಸಸ್ ಅಮೆರಿಕಾನಸ್) ಹುಡುಕಿ ಬೇಟೆಯಾಡುವ ಪದ್ಧತಿ. ಅಮೆರಿಕ ಸಂಯುಕ್ತ ಸಂಸ್ಥಾನದ ಪಶ್ಚಿಮ ರಾಜ್ಯಗಳ ಸಾರ್ವಜನಿಕ ಅರಣ್ಯಗಳಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ. ಇಂತಹ ಬೇಟೆಗೆ ಹೊರಡುವವರಲ್ಲಿ ಅನೇಕರು ಬೇರೆ ರಾಜ್ಯದವರಾಗಿದ್ದು, ಆ ನೆಲವನ್ನು ಹಿಂದೆ ಕಂಡವರಲ್ಲ. ಆದ್ದರಿಂದ ಬೇಟೆಯ ಬಹುಪಾಲು ಕೆಲಸ ಕಾಡಿಗೆ ಕಾಲಿಡುವ ಮೊದಲೇ, ನಕಾಶೆ ಮತ್ತು ನಿಯಮಪುಸ್ತಕಗಳ ಮುಂದೆ ನಡೆಯುತ್ತದೆ.

ಇಲ್ಲಿ ಹೇಳುವ ಕಪ್ಪು ಕರಡಿ ಕರ್ನಾಟಕದ ಕರಡಿಯಲ್ಲ. ದರೋಜಿ ಕರಡಿಧಾಮದಲ್ಲಿ ಕಾಣುವುದು ಜೇನು, ಗೆದ್ದಲು ತಿನ್ನುವ ಬೇರೊಂದು ಪ್ರಭೇದ. ಹಿಮಾಲಯದ ಕಪ್ಪು ಕರಡಿಯೂ ಬೇರೆಯೇ. ಭಾರತದಲ್ಲಿ ಈ ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ಒಳಪಟ್ಟಿದ್ದು, ಅವುಗಳ ಬೇಟೆ ಅಪರಾಧವಾಗಿದೆ. ಉತ್ತರ ಅಮೆರಿಕದ ಕಪ್ಪು ಕರಡಿಗಳ ಸಂಖ್ಯೆ ಎಂಟು ಲಕ್ಷಕ್ಕೂ ಮಿಗಿಲೆಂದು ಅಂದಾಜಿಸಲಾಗಿದೆ. ಅಲ್ಲಿ ಇದರ ಬೇಟೆಯನ್ನು ರಾಜ್ಯ ಮತ್ತು ಪ್ರಾಂತ್ಯಗಳ ವನ್ಯಜೀವಿ ಇಲಾಖೆಗಳು ಋತು, ಪರವಾನಗಿ ಮತ್ತು ವರದಿಗಳ ಮೂಲಕ ನಿಯಂತ್ರಿಸುತ್ತವೆ.

ಹಿನ್ನೆಲೆ

ಕರಡಿ ಬೇಟೆ ಬಹುಕಾಲ ನೆಲ ಬಲ್ಲವರ ಕೆಲಸವಾಗಿತ್ತು. 1902ರಲ್ಲಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಮಿಸಿಸಿಪಿಯಲ್ಲಿ ಬೇಟೆಗೆ ಹೋದಾಗ ಕರಡಿಯನ್ನು ಬೇಟೆನಾಯಿಗಳೊಂದಿಗೆ ಬೆನ್ನಟ್ಟಿ ಮರಕ್ಕೆ ಕಟ್ಟಿಹಾಕಿದವನು, ಗುಲಾಮಗಿರಿಯಲ್ಲಿ ಹುಟ್ಟಿದ ಹೋಲ್ಟ್ ಕೋಲಿಯರ್ ಎಂಬ ಮಾರ್ಗದರ್ಶಕ. ಕಟ್ಟಿಹಾಕಿದ ಪ್ರಾಣಿಗೆ ಗುಂಡು ಹೊಡೆಯಲು ರೂಸ್‌ವೆಲ್ಟ್ ಒಪ್ಪಲಿಲ್ಲ. ಆ ಪ್ರಸಂಗದಿಂದಲೇ 'ಟೆಡ್ಡಿ ಬೇರ್' ಗೊಂಬೆ ಹುಟ್ಟಿತು. ಕೋಲಿಯರನಿಗೆ ಆ ಕಾಡು ಅಂಗೈ ಗೆರೆಯಷ್ಟು ಪರಿಚಿತವಾಗಿತ್ತು. ಇಂದು ಒಬ್ಬಂಟಿಯಾಗಿ ಹೊಸ ಪ್ರದೇಶಕ್ಕೆ ಹೋಗುವವನು ಅಂತಹ ಅರಿವಿನ ಕೊರತೆಯನ್ನು ಉಪಗ್ರಹ ಚಿತ್ರ ಮತ್ತು ದುರ್ಬೀನುಗಳಿಂದ ತುಂಬಿಕೊಳ್ಳಬೇಕಾಗುತ್ತದೆ. ಅದು ಒಂದು ಮಟ್ಟದವರೆಗೆ ಮಾತ್ರ ಸಾಧ್ಯ.

ರಾಜ್ಯದ ಆಯ್ಕೆ ಮತ್ತು ಕಾನೂನು

ಎಲ್ಲಿಗೆ ಹೋಗಬೇಕೆಂಬುದನ್ನು ಕರಡಿಗಳ ಸಂಖ್ಯೆಗಿಂತ ಮೊದಲು ಕಾನೂನೇ ನಿರ್ಧರಿಸುತ್ತದೆ. ಕೊಲೊರಾಡೊ ರಾಜ್ಯದ ಮತದಾರರು 1992ರಲ್ಲಿ ವಸಂತ ಋತುವಿನ ಕರಡಿ ಬೇಟೆಯನ್ನೂ, ಎರೆ ಇಟ್ಟು ಅಥವಾ ನಾಯಿಗಳನ್ನು ಬಿಟ್ಟು ಬೇಟೆಯಾಡುವುದನ್ನೂ ನಿಷೇಧಿಸಿದರು. ಆರೆಗಾನ್ 1994ರಲ್ಲಿ, ವಾಷಿಂಗ್ಟನ್ 1996ರಲ್ಲಿ ಎರೆ ಮತ್ತು ನಾಯಿಗಳ ಬಳಕೆಯನ್ನು ಜನಮತದ ಮೂಲಕವೇ ನಿಲ್ಲಿಸಿದವು. ಐಡಾಹೊದ ಅನೇಕ ವಲಯಗಳಲ್ಲಿ ಎರೆ ಇಡುವುದಕ್ಕೆ ಅನುಮತಿಯಿದೆ. ನೆರೆಯ ಮೊಂಟಾನಾದಲ್ಲಿ ಇಲ್ಲ. ಒಂದು ಬೆಟ್ಟಸಾಲನ್ನು ದಾಟಿದರೆ ನಿಯಮ ಬದಲಾಗುವ ಈ ಸ್ಥಿತಿಯಲ್ಲಿ, ಸ್ನೇಹಿತರ ಹಿಂದಿನ ವರ್ಷದ ಅನುಭವವನ್ನು ನಂಬಿ ಹೊರಡುವುದು ಅಪಾಯಕರ. ಆಯಾ ವರ್ಷದ ಅಧಿಕೃತ ನಿಯಮಪುಸ್ತಕವೊಂದೇ ಆಧಾರ.

ಎಲ್ಲೆಡೆಯೂ ಮಾರ್ಗದರ್ಶಕರಿಲ್ಲದೆ ಬೇಟೆಯಾಡಲು ಅವಕಾಶವಿಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಪ್ರಾಂತ್ಯದ ಹೊರಗಿನವರು ದೊಡ್ಡ ಪ್ರಾಣಿಗಳ ಬೇಟೆಗೆ ಸಾಮಾನ್ಯವಾಗಿ ಪರವಾನಗಿ ಹೊಂದಿದ ಮಾರ್ಗದರ್ಶಕರೊಂದಿಗೇ ಹೋಗಬೇಕು. ವಯೋಮಿಂಗ್ ರಾಜ್ಯದಲ್ಲಿ ಕೇಂದ್ರ ಸರ್ಕಾರ ಘೋಷಿಸಿದ ನಿರ್ಜನ ಅರಣ್ಯ ವಲಯಗಳೊಳಗೆ ಹೊರರಾಜ್ಯದವರಿಗೆ ಇಂತಹುದೇ ನಿರ್ಬಂಧವಿದೆ. ಸ್ಥಳೀಯ ನಿವಾಸಿಯೊಬ್ಬರು ಅನುಮತಿ ಪಡೆದು ಜೊತೆಗೆ ಬರಬಹುದು. ಅಲಾಸ್ಕದಲ್ಲಿ ಹೊರರಾಜ್ಯದ ಅಮೆರಿಕನ್ ಪ್ರಜೆಗೆ ಕಂದು ಕರಡಿಗೆ ಮಾರ್ಗದರ್ಶಕ ಕಡ್ಡಾಯ, ಕಪ್ಪು ಕರಡಿಗೆ ಅಲ್ಲ. ಆದರೆ ವಿದೇಶಿ ಪ್ರಜೆಗೆ ಎಲ್ಲ ದೊಡ್ಡ ಪ್ರಾಣಿಗಳ ಬೇಟೆಗೂ ಮಾರ್ಗದರ್ಶಕ ಬೇಕು. ಉದ್ಯೋಗ ವೀಸಾದಲ್ಲಿ ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಂಥವರಿಗೆ ಇನ್ನೊಂದು ಅಂಶ ಮುಖ್ಯ. ಅಂತಹ ವೀಸಾದವರು ಬಂದೂಕು ಹೊಂದುವುದನ್ನು ಅಲ್ಲಿಯ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಯಾವುದಾದರೂ ರಾಜ್ಯದ ಊರ್ಜಿತ ಬೇಟೆ ಪರವಾನಗಿ ಇರುವುದು ಆ ನಿಷೇಧಕ್ಕಿರುವ ವಿನಾಯಿತಿಗಳಲ್ಲೊಂದು.

ಪರವಾನಗಿಗೆ ಮುನ್ನ ಬೇಟೆ ಶಿಕ್ಷಣದ ಪ್ರಮಾಣಪತ್ರ ಬೇಕಾಗುತ್ತದೆ. ಮೊಂಟಾನಾದಲ್ಲಿ 1985ರ ಜನವರಿ 1ರ ನಂತರ ಹುಟ್ಟಿದವರಿಗೆ ಇದು ಕಡ್ಡಾಯ. ಭೂಮಿಯ ಒಡೆತನವನ್ನು ತಿಳಿಯುವುದೂ ಅಷ್ಟೇ ಅಗತ್ಯ. ಐಡಾಹೊದ ನೆಲದಲ್ಲಿ ಶೇಕಡಾ 60ಕ್ಕೂ ಹೆಚ್ಚು ಭಾಗ ಕೇಂದ್ರ ಸರ್ಕಾರದ್ದಾದುದರಿಂದ ಅಲ್ಲಿ ತೊಡಕು ಕಡಿಮೆ. ಮೊಂಟಾನಾದಲ್ಲಿ ಖಾಸಗಿ ಜಮೀನಿಗೆ ಬೇಲಿಯಾಗಲಿ ಫಲಕವಾಗಲಿ ಇಲ್ಲದಿದ್ದರೂ ಒಡೆಯನ ಅನುಮತಿಯಿಲ್ಲದೆ ಬೇಟೆಯಾಡುವಂತಿಲ್ಲ.

ಋತು ಮತ್ತು ಆಹಾರ

ಅಪರಿಚಿತ ನೆಲದಲ್ಲಿ ಕರಡಿಯನ್ನು ಹುಡುಕುವುದೆಂದರೆ ಆ ವಾರ ಅದರ ಆಹಾರ ಎಲ್ಲಿದೆಯೆಂದು ಹುಡುಕುವುದು. ಕಪ್ಪು ಕರಡಿ ಬಹುಮಟ್ಟಿಗೆ ಸಸ್ಯಾಹಾರಿ. ಶಿಶಿರನಿದ್ರೆ ಮುಗಿಸಿ ಮೊದಲು ಹೊರಬರುವುದು ಗಂಡುಗಳು. ಆ ವರ್ಷದ ಮರಿಗಳಿರುವ ತಾಯಿ ಕರಡಿಗಳು ಕೊನೆಗೆ ಬರುತ್ತವೆ. ಮೊಂಟಾನಾದಲ್ಲಿ ವಸಂತದ ಬೇಟೆ ಏಪ್ರಿಲ್ 15ಕ್ಕೆ ಆರಂಭವಾಗುವಾಗ ಎತ್ತರದ ಪ್ರದೇಶಗಳಲ್ಲಿ ಇನ್ನೂ ಹಿಮವಿರುತ್ತದೆ. ಬಿಸಿಲು ಹೆಚ್ಚು ಬೀಳುವ ದಕ್ಷಿಣಮುಖದ ಇಳಿಜಾರುಗಳಲ್ಲಿ ಮೊದಲು ಹುಲ್ಲು ಚಿಗುರುತ್ತದೆ. ಕರಡಿಗಳು ಅಲ್ಲಿ ದನಗಳಂತೆ ಮೇಯುತ್ತವೆ. ಹಿಮರೇಖೆ ಮೇಲೇರಿದಂತೆ ಹಸಿರೂ ಏರುತ್ತದೆ. ಹಸಿರಿನ ಹಿಂದೆ ಕರಡಿಯೂ ಏರುತ್ತದೆ. ಹೀಗಾಗಿ ಏಪ್ರಿಲ್ ಕೊನೆಯಲ್ಲಿ ಕರಡಿ ಕಂಡ ಇಳಿಜಾರು ಮೂರು ವಾರಗಳ ನಂತರ ಬರಿದಾಗಿರಬಹುದು. ವಾಹನಗಳಿಗೆ ಮುಚ್ಚಿದ ಹಳೆಯ ಮರಸಾಗಣೆ ರಸ್ತೆಗಳು ವಿಶೇಷ ಗಮನಕ್ಕೆ ಅರ್ಹ. ಅವುಗಳ ಮೇಲೆ ಬೆಳೆಯುವ ಕ್ಲೋವರ್ ಸೊಪ್ಪು ಕರಡಿಗೆ ಬಲು ಇಷ್ಟ; ಹಿಕ್ಕೆಯೂ ಅಲ್ಲೇ ಸುಲಭವಾಗಿ ಸಿಗುತ್ತದೆ.

ಜೂನ್ ಹೊತ್ತಿಗೆ ಸಂತಾನಕಾಲ ಕೂಡಿಬರುವುದರಿಂದ ಗಂಡುಗಳು ಹಗಲಿನಲ್ಲೂ ದೂರದೂರ ಅಲೆಯುತ್ತವೆ. ಶರತ್ಕಾಲದ ಲೆಕ್ಕವೇ ಬೇರೆ. ಕೊಬ್ಬು ಕೂಡಿಡುವ ಆತುರದಲ್ಲಿ ಕರಡಿ ದಿನದ ಹೆಚ್ಚಿನ ಹೊತ್ತು ತಿನ್ನುತ್ತಲೇ ಇರುತ್ತದೆ: ಪಶ್ಚಿಮದಲ್ಲಿ ಹಕಲ್‌ಬೆರಿ, ಚೋಕ್‌ಚೆರಿ ಮುಂತಾದ ಹಣ್ಣುಗಳು, ಪೂರ್ವದಲ್ಲಿ ಓಕ್ ಮರದ ಕಾಯಿಗಳು. ಆ ವರ್ಷ ಹಣ್ಣು ಕಚ್ಚದಿದ್ದರೆ ನಕಾಶೆಯ ಮೇಲೆ ಗುರುತಿಸಿದ ಜಾಗಗಳೆಲ್ಲ ವ್ಯರ್ಥ. ಇದಕ್ಕಾಗಿ ಜಿಲ್ಲಾ ವನ್ಯಜೀವಿ ಜೀವಶಾಸ್ತ್ರಜ್ಞರಿಗೆ ಮುಂಚಿತವಾಗಿ ದೂರವಾಣಿ ಮಾಡಿ ಹಣ್ಣಿನ ಸ್ಥಿತಿಯನ್ನು ಕೇಳುವ ರೂಢಿಯಿದೆ. "ಕರಡಿ ಎಲ್ಲಿದೆ" ಎಂಬ ಪ್ರಶ್ನೆಗಿಂತ "ಹಣ್ಣು ಯಾವ ಎತ್ತರದಲ್ಲಿ ಮಾಗಿದೆ" ಎಂಬುದಕ್ಕೆ ಉಪಯುಕ್ತ ಉತ್ತರ ದೊರೆಯುತ್ತದೆ.

ನೆಲವನ್ನು ಓದುವುದು

ಪಶ್ಚಿಮದ ಗುಡ್ಡಗಾಡಿನಲ್ಲಿ ನಡೆಯುವುದಕ್ಕಿಂತ ಕುಳಿತು ನೋಡುವುದೇ ಮುಖ್ಯ ವಿಧಾನ. ಕಣಿವೆಯ ಒಂದು ಬದಿಯಲ್ಲಿ ಕುಳಿತು ಎದುರಿನ ಇಳಿಜಾರನ್ನು ದುರ್ಬೀನಿನಿಂದ ತುಂಡುತುಂಡಾಗಿ ಪರಿಶೀಲಿಸಲಾಗುತ್ತದೆ. ವಸಂತದಲ್ಲಿ ಮಧ್ಯಾಹ್ನದ ನಂತರದಿಂದ ಕತ್ತಲಾಗುವವರೆಗಿನ ಸಮಯ ಹೆಚ್ಚು ಫಲಕಾರಿ. ಮೊದಲ ದಿನವೇ ಕಾಡಿನೊಳಗೆ ನುಗ್ಗಿ ವಾಸನೆ ಹರಡುವುದು ಹೊಸಬರ ಸಾಮಾನ್ಯ ತಪ್ಪು. ಕರಡಿಯ ದೃಷ್ಟಿ ಮನುಷ್ಯನಿಗಿಂತ ಬಹಳ ಬೇರೆಯೇನಲ್ಲ. ಅದರ ಮೂಗಿನ ಮುಂದೆ ಮಾತ್ರ ಯಾವ ಮರೆಯೂ ನಡೆಯದು. ಬೆಟ್ಟಗಳಲ್ಲಿ ಬೆಳಿಗ್ಗೆ ತಂಪುಗಾಳಿ ಕೆಳಮುಖವಾಗಿ ಹರಿದು, ಬಿಸಿಲೇರಿದಂತೆ ಮೇಲ್ಮುಖವಾಗಿ, ಸಂಜೆ ಮತ್ತೆ ಕೆಳಮುಖವಾಗುತ್ತದೆ. ಕರಡಿಯತ್ತ ಸಾಗುವ ದಾರಿಯನ್ನು ಈ ತಿರುವುಗಳಿಗೆ ಹೊಂದಿಸಬೇಕು.

ಗುರುತಿಸುವಿಕೆ

ಇಡೀ ಬೇಟೆಯಲ್ಲಿ ತಿದ್ದಲಾಗದ ತಪ್ಪು ನಡೆಯುವುದು ಇಲ್ಲಿಯೇ. ಅಲಾಸ್ಕವನ್ನು ಬಿಟ್ಟು ಅಮೆರಿಕದ ಮುಖ್ಯಭಾಗದಲ್ಲಿ ಗ್ರಿಜ್ಲಿ ಕರಡಿಯನ್ನು 1975ರಲ್ಲಿ ಅಪಾಯದಂಚಿನ ಪ್ರಾಣಿಯೆಂದು ಕಾನೂನಿನ ರಕ್ಷಣೆಗೆ ಸೇರಿಸಲಾಯಿತು. ಮೊಂಟಾನಾ ಮತ್ತು ಉತ್ತರ ಐಡಾಹೊದ ಹಲವೆಡೆ ಎರಡೂ ಕರಡಿಗಳು ಒಂದೇ ಇಳಿಜಾರಿನಲ್ಲಿ ಮೇಯಬಹುದು. 'ಕಪ್ಪು ಕರಡಿ' ಎಂಬ ಹೆಸರೇ ದಾರಿ ತಪ್ಪಿಸುತ್ತದೆ: ಪಶ್ಚಿಮದಲ್ಲಿ ಈ ಪ್ರಭೇದದ ಅನೇಕ ಕರಡಿಗಳು ಕಂದು, ದಾಲ್ಚಿನ್ನಿ ಅಥವಾ ಹೊಂಬಣ್ಣದವು. ಗಾತ್ರವೂ ನಂಬಲರ್ಹವಲ್ಲ. ಗ್ರಿಜ್ಲಿಯ ಭುಜದ ಮೇಲೆ ಎತ್ತಿನ ಹಿಣಿಲಿನಂತೆ ಉಬ್ಬಿರುತ್ತದೆ; ಮುಖ ಬದಿಯಿಂದ ನೋಡಿದಾಗ ಒಳಬಾಗಿರುತ್ತದೆ; ಕಿವಿ ಗಿಡ್ಡ ಮತ್ತು ದುಂಡು; ಮುಂಗಾಲಿನ ಉಗುರುಗಳು ನೀಳ. ಕಪ್ಪು ಕರಡಿಯ ಮುಖ ನೇರ, ಕಿವಿ ಎದ್ದು ಕಾಣುವಂಥದ್ದು, ಉಗುರು ಗಿಡ್ಡ. ಯಾವುದೇ ಒಂದು ಲಕ್ಷಣವನ್ನಷ್ಟೇ ನೆಚ್ಚದೆ ಎಲ್ಲವನ್ನೂ ಒಟ್ಟಿಗೆ ನೋಡಬೇಕೆಂಬುದು ನಿಯಮ. ಮೊಂಟಾನಾದಲ್ಲಿ ಕಪ್ಪು ಕರಡಿಯ ಪರವಾನಗಿ ಕೊಳ್ಳುವ ಮೊದಲು ಕರಡಿ ಗುರುತಿಸುವ ಪರೀಕ್ಷೆಯಲ್ಲಿ ತೇರ್ಗಡೆಯಾಗಲೇಬೇಕು.

ಮರಿಗಳ ವಿಷಯ ಇನ್ನಷ್ಟು ಸೂಕ್ಷ್ಮ. ಮರಿಗಳು ಜನವರಿಯ ಸುಮಾರಿಗೆ ಗುಹೆಯಲ್ಲೇ ಹುಟ್ಟಿ, ಒಂದೂವರೆ ವರ್ಷದವರೆಗೆ ತಾಯಿಯ ಬಳಿ ಇರುತ್ತವೆ. ಮೊಂಟಾನಾ, ಐಡಾಹೊಗಳಲ್ಲಿ ಮರಿಯೊಂದಿಗಿರುವ ತಾಯಿಯನ್ನು ಕೊಲ್ಲುವುದು ಅಪರಾಧ. ಆದರೆ ತಾಯಿ ಮೇಯುವಾಗ ಮರಿಗಳು ಮರದ ಮೇಲೋ ಎತ್ತರದ ಹುಲ್ಲಿನಲ್ಲೋ ಕಾಣದಂತಿರಬಹುದು. ವಸಂತದಲ್ಲಿ ತಾಯಿಯನ್ನು ಕಳೆದುಕೊಂಡ ಮೂರು-ನಾಲ್ಕು ತಿಂಗಳ ಮರಿ ಬದುಕುವ ಸಾಧ್ಯತೆ ತೀರಾ ಕಡಿಮೆ. ಒಂಟಿಯಾಗಿ ಕಾಣುವ ಕರಡಿಯನ್ನೂ ಬಹಳ ಹೊತ್ತು ಗಮನಿಸಬೇಕೆಂಬ ಸಲಹೆಯ ಹಿಂದೆ ಇರುವುದು ಇದೇ ಕಾರಣ. ಬೆಳಕು ಆರುತ್ತಿದೆಯೆಂಬ ಅವಸರ ಇಂತಹ ಹೊತ್ತಿನಲ್ಲೇ ಹೆಚ್ಚು ಕಾಡುತ್ತದೆ. ಕಿವಿಗಳು ತಲೆಗೆ ದೊಡ್ಡದಾಗಿ, ಒಂದಕ್ಕೊಂದು ಹತ್ತಿರವಾಗಿ ಕಂಡರೆ ಅದು ಎಳೆಯ ಕರಡಿ; ತಲೆಯ ಎರಡು ಬದಿಗೆ ಸರಿದ ಚಿಕ್ಕ ಕಿವಿಗಳಂತೆ ಕಂಡರೆ ದೊಡ್ಡದು.

ಶಿಬಿರ ಮತ್ತು ಮಾಂಸ

ಗ್ರಿಜ್ಲಿ ಇರುವ ಅರಣ್ಯಗಳಲ್ಲಿ ಆಹಾರವನ್ನೂ ಬೇಟೆಯ ಮಾಂಸವನ್ನೂ ನೆಲದಿಂದ ಸುಮಾರು 3 ಮೀಟರ್ ಎತ್ತರದಲ್ಲಿ, ಮರದ ಬೊಡ್ಡೆಯಿಂದ 1.2 ಮೀಟರ್ ದೂರದಲ್ಲಿ ತೂಗುಹಾಕುವ ಅಥವಾ ಕರಡಿ ತೆರೆಯಲಾಗದ ಪೆಟ್ಟಿಗೆಯಲ್ಲಿಡುವ ನಿಯಮವಿರುತ್ತದೆ. ಕರಡಿ ನಿರೋಧಕ ಮೆಣಸಿನ ದ್ರಾವಣದ ಡಬ್ಬಿ ಚೀಲದೊಳಗಲ್ಲ, ಸೊಂಟದಲ್ಲಿರಬೇಕು.

ದಟ್ಟ ತುಪ್ಪಳ ಮತ್ತು ಕೊಬ್ಬು ರಕ್ತವನ್ನು ಹೀರಿಕೊಳ್ಳುವುದರಿಂದ ಗಾಯಗೊಂಡ ಕರಡಿಯ ಜಾಡು ಬೇಗ ಮಸುಕಾಗುತ್ತದೆ. ಆದ್ದರಿಂದ ತನಗೆ ಖಚಿತವಿರುವ ದೂರವನ್ನು ಮೀರಿ ಗುಂಡು ಹಾರಿಸಬಾರದು. ವಸಂತದ ಬಿಸಿಲಿಗೆ ಕೊಬ್ಬಿನ ಮೇಲಿನ ಚರ್ಮ ಶಾಖವನ್ನು ಹಿಡಿದಿಟ್ಟು ಮಾಂಸವನ್ನು ಕೆಡಿಸುತ್ತದೆ. ಕೂಡಲೇ ಸುಲಿದು ತಣಿಸಬೇಕು. ವಾಹನದಿಂದ ಎಷ್ಟು ದೂರ ಹೋಗಬಹುದೆಂಬುದನ್ನು ಕಾಲಿನ ಶಕ್ತಿಯಲ್ಲ, ಈ ಹೊರೆಯನ್ನು ಎಷ್ಟು ಸಲ ಹೊತ್ತು ಬರಲಾಗುತ್ತದೆಂಬುದು ನಿರ್ಧರಿಸುತ್ತದೆ. ಐಡಾಹೊ ಕಾನೂನು ಕರಡಿಯ ಮಾಂಸವನ್ನು ಹೊರತರುವುದರಿಂದ ವಿನಾಯಿತಿ ನೀಡಿದೆ. ಹಾಗಿದ್ದರೂ ಅದನ್ನು ಬಿಟ್ಟು ಬರುವುದನ್ನು ಬಹಳಷ್ಟು ಬೇಟೆಗಾರರು ಹೀನವೆಂದೇ ಎಣಿಸುತ್ತಾರೆ.

ಕರಡಿ ಮಾಂಸದಲ್ಲಿ ಟ್ರಿಕಿನೆಲ್ಲಾ ಎಂಬ ಪರೋಪಜೀವಿ ಹುಳು ಇರಬಹುದು. ಉತ್ತರದ ವನ್ಯಪ್ರಾಣಿಗಳಲ್ಲಿರುವ ಇದರ ಕೆಲವು ಬಗೆಗಳು ಹೆಪ್ಪುಗಟ್ಟಿಸಿದರೂ ಸಾಯುವುದಿಲ್ಲ. ಉಪ್ಪು ಹಾಕುವುದು, ಹೊಗೆಯಾಡಿಸುವುದು ಸಹ ಸಾಲದು. ಮಾಂಸದ ಒಳಭಾಗ 71 ಡಿಗ್ರಿ ಸೆಲ್ಸಿಯಸ್ ತಲುಪುವಂತೆ ಬೇಯಿಸಬೇಕು.

ಅಮೆರಿಕದ ಕಪ್ಪು ಕರಡಿಯು ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ (ಸೈಟ್ಸ್) ಎರಡನೆಯ ಅನುಬಂಧದಲ್ಲಿದೆ. ಪ್ರಭೇದವೇ ವಿರಳವೆಂದಲ್ಲ, ಅದರ ಅಂಗಗಳನ್ನು ಬೇರೆ ಅಪರೂಪದ ಕರಡಿಗಳ ಅಂಗಗಳಿಂದ ಬೇರ್ಪಡಿಸಿ ಗುರುತಿಸುವುದು ಕಷ್ಟವೆಂಬುದು ಇದಕ್ಕೆ ಕಾರಣ. ಕೆನಡಾದಿಂದ ಅಥವಾ ಅಲ್ಲಿಗೆ ಗಡಿ ದಾಟುವ ಚರ್ಮ, ತಲೆಬುರುಡೆಗಳಿಗೆ ಅನ್ವಯಿಸುವ ಈ ಒಪ್ಪಂದದ ಷರತ್ತುಗಳನ್ನು ಬೇಟೆಯ ದಿನಾಂಕ ಗೊತ್ತುಮಾಡುವಾಗಲೇ ಎರಡೂ ದೇಶಗಳ ವನ್ಯಜೀವಿ ಇಲಾಖೆಗಳಿಂದ ತಿಳಿದುಕೊಳ್ಳಬೇಕಾಗುತ್ತದೆ.