ಬೆಲ್ಟು ಕಿರುಚಿದ್ರೆ ಬೆಲ್ಟನ್ನೇ ಬೈಬೇಡಿ: ಪಿಕಪ್ ಇಟ್ಟುಕೊಂಡ ರೈತರಿಗೆ ಹತ್ತು ನಿಮಿಷದ ಪರೀಕ್ಷೆ

ನಾನು ಪ್ರತಿ ಶನಿವಾರ ಬೆಳಿಗ್ಗೆ ಹೊಸಕೋಟೆ ಕಡೆಯಿಂದ ಹಳೆ ಮದ್ರಾಸ್ ರಸ್ತೆ ಹಿಡಿದು, ಕೆ.ಆರ್. ಪುರ, ಟಿನ್ ಫ್ಯಾಕ್ಟರಿ ದಾಟಿ, ಬೈಯಪ್ಪನಹಳ್ಳಿ ಹತ್ತಿರ ಎಡಕ್ಕೆ ತಿರುಗಿ ಸಿ.ವಿ. ರಾಮನ್ ನಗರಕ್ಕೆ ಬರ್ತೀನಿ. ಅಲ್ಲಿನ ನಾಲ್ಕು ಅಪಾರ್ಟ್‌ಮೆಂಟುಗಳಿಗೆ ನಮ್ಮ ತೋಟದ ದಂಟು, ಪಾಲಕ್, ಮೆಂತ್ಯ, ಬೀನ್ಸ್ ಹೋಗುತ್ತೆ. ಹೋದ ವರ್ಷ ಒಂದು ಗೇಟಿನ ಹತ್ತಿರ ಗಾಡಿ ನಿಲ್ಲಿಸಿದಾಗ ವಾಚ್‌ಮನ್ ಕೇಳಿದ್ರು: "ಏನ್ ಸಾರ್, ಬಾನೆಟ್ ಒಳಗೆ ಕೋಳಿಮರಿ ಸಾಕಿದ್ದೀರಾ?"

ನಿಜಕ್ಕೂ ಹಾಗೇ ಕೇಳ್ತಿತ್ತು. ಚಿಂವ್, ಚಿಂವ್, ಚಿಂವ್. ದಾರಿಯಲ್ಲಿ ಸಿಕ್ಕ ಒಬ್ಬ ಮೆಕ್ಯಾನಿಕ್‌ಗೆ ತೋರಿಸಿದೆ. "ಬೆಲ್ಟ್ ಹೋಗಿದೆ ಅಣ್ಣ, ಹೊಸದು ಹಾಕ್ಬಿಡೋಣ" ಅಂದ್ರು. ಹಾಕಿಸಿದೆ. ಎರಡು ವಾರ ಸುಮ್ಮನಿತ್ತು, ಆಮೇಲೆ ಮತ್ತೆ ಶುರು. ಇನ್ನೊಂದು ಬೆಲ್ಟ್ ಹಾಕಿಸಿದೆ. ಅದು ಮೂರನೇ ತಿಂಗಳಿಗೆ ಟಿನ್ ಫ್ಯಾಕ್ಟರಿ ಹತ್ತಿರ ಅಂಚು ಕಿತ್ತುಕೊಂಡು ಪುಲ್ಲಿಯಿಂದ ಹಾರಿಹೋಯ್ತು. ಬ್ಯಾಟರಿ ದೀಪ ಹೊತ್ತಿಕೊಂಡಿತು, ಸ್ಟೀರಿಂಗ್ ಕಲ್ಲಾಯ್ತು, ಟೆಂಪರೇಚರ್ ಮುಳ್ಳು ಮೇಲೆ ಏರತೊಡಗಿತು. ಗಾಡಿ ಪಕ್ಕಕ್ಕೆ ಹಾಕಿ ಮೂರು ಗಂಟೆ ಬಿಸಿಲಲ್ಲಿ ಕೂತೆ. ಸೊಪ್ಪು ಪೂರ್ತಿ ಬಾಡಿತು. ಆ ವಾರ ನಾಲ್ಕೂ ಅಪಾರ್ಟ್‌ಮೆಂಟಿನವರಿಗೆ ಕ್ಷಮೆ ಕೇಳಿ ಮೆಸೇಜ್ ಹಾಕಬೇಕಾಯ್ತು.

ತಪ್ಪು ನನ್ನದೇ. ತೋಟದಲ್ಲಿ ಎಲೆ ಹಳದಿಯಾದ್ರೆ ನಾವು ಕಣ್ಣು ಮುಚ್ಚಿಕೊಂಡು ಗೊಬ್ಬರ ಸುರಿಯಲ್ಲ. ಸಾರಜನಕದ ಕೊರತೆಯೋ, ಬೇರಿಗೆ ನೀರು ನಿಂತಿದೆಯೋ ಅಂತ ಮಣ್ಣು ಕೆದಕಿ ನೋಡ್ತೀವಿ. ಗಾಡಿ ವಿಷಯದಲ್ಲಿ ಮಾತ್ರ ಎಲೆ ಬದಲಾಯಿಸ್ತಾ ಕೂತೆ. ಕೂಗೋದು ಬೆಲ್ಟು, ಆದ್ರೆ ಕಾಯಿಲೆ ಎಷ್ಟೋ ಸಲ ಬೇರೆ ಕಡೆ ಇರುತ್ತೆ.

ಈ ಬೆಲ್ಟು ಏನೇನು ಮಾಡುತ್ತೆ?

ಈಗಿನ ಪಿಕಪ್, ಕಾರುಗಳಲ್ಲಿ ಇಂಜಿನ್ ಮುಂದೆ ಹಾವಿನ ಹಾಗೆ ಸುತ್ತಿಕೊಂಡು ಓಡೋ ಅಗಲವಾದ ಬೆಲ್ಟು ಇರುತ್ತೆ. ಅದಕ್ಕೇ ಸರ್ಪೆಂಟೈನ್ ಬೆಲ್ಟ್ ಅಂತ ಹೆಸರು. ನಮ್ಮ ಕಡೆ ಎಲ್ಲದಕ್ಕೂ ಫ್ಯಾನ್ ಬೆಲ್ಟ್ ಅಂತಲೇ ಅಂತಾರೆ. ಒಳಮೈಯಲ್ಲಿ ಉಳುಮೆ ಸಾಲಿನ ಹಾಗೆ ಉದ್ದುದ್ದ ಗೆರೆಗಳಿರುತ್ತವೆ. ಕ್ರ್ಯಾಂಕ್ ಪುಲ್ಲಿಯಿಂದ ಶಕ್ತಿ ತಗೊಂಡು ಆಲ್ಟರ್ನೇಟರ್, ಪವರ್ ಸ್ಟೀರಿಂಗ್ ಪಂಪ್, ಎ.ಸಿ. ಕಂಪ್ರೆಸರ್, ಬಹಳ ಗಾಡಿಗಳಲ್ಲಿ ವಾಟರ್ ಪಂಪನ್ನೂ ಇದೇ ತಿರುಗಿಸುತ್ತೆ. ಬೆಲ್ಟು ಬಿಗಿಯಾಗಿರಲಿ ಅಂತ ಸ್ಪ್ರಿಂಗ್ ಇರೋ ಟೆನ್ಷನರ್ ಒಂದು, ದಾರಿ ತಿರುಗಿಸೋಕೆ ಐಡ್ಲರ್ ಪುಲ್ಲಿ ಒಂದೋ ಎರಡೋ ಇರುತ್ತವೆ.

ಅಂದ್ರೆ ಬೆಲ್ಟು ಹೋದ್ರೆ ಚಾರ್ಜಿಂಗ್ ನಿಲ್ಲುತ್ತೆ. ವಾಟರ್ ಪಂಪ್ ಇದರ ಮೇಲೇ ಇದ್ರೆ ಇಂಜಿನ್ ಕೆಲವೇ ನಿಮಿಷದಲ್ಲಿ ಕಾದುಬಿಡುತ್ತೆ. ಹಾಗೇ ಓಡಿಸಿದ್ರೆ ಹೆಡ್ ಗ್ಯಾಸ್ಕೆಟ್ ಸುಡುತ್ತೆ. ನೂರುಗಳಲ್ಲಿ ಮುಗಿಯೋ ಖರ್ಚು ಸಾವಿರಗಳಿಗೆ ಹೋಗೋದು ಇಲ್ಲೇ.

ಶಬ್ದ ಯಾಕೆ ಬರುತ್ತೆ?

ನಾನು ಸೊಪ್ಪು ಕೊಡೋ ಬಡಾವಣೆಗೆ ಹೆಸರು ಕೊಟ್ಟ ಸಿ.ವಿ. ರಾಮನ್ ಅವರಿಗೆ 1930ರಲ್ಲಿ ನೊಬೆಲ್ ಬಂದದ್ದು ಬೆಳಕಿನ ಮೇಲಿನ ಕೆಲಸಕ್ಕೆ. ಅದಕ್ಕೂ ಮುಂಚೆ ಅವರು ಶಬ್ದದ ಹಿಂದೆ ಬಿದ್ದಿದ್ರು. ಕಮಾನು ಉಜ್ಜಿದಾಗ ಪಿಟೀಲಿನ ತಂತಿ ಹೇಗೆ ಕಂಪಿಸುತ್ತೆ ಅನ್ನೋದರ ಬಗ್ಗೆ 1918ರಲ್ಲಿ ದೊಡ್ಡ ಪ್ರಬಂಧವನ್ನೇ ಪ್ರಕಟಿಸಿದ್ರು. ಕಮಾನು ತಂತಿಯನ್ನ ಹಿಡಿದು ಎಳೆಯುತ್ತೆ, ತಂತಿ ಜಾರುತ್ತೆ, ಮತ್ತೆ ಹಿಡಿಯುತ್ತೆ. ಸೆಕೆಂಡಿಗೆ ನೂರಾರು ಸಲ ಹೀಗಾದಾಗ ನಮಗೆ ಸ್ವರ ಕೇಳುತ್ತೆ.

ಬೆಲ್ಟು ಕಿರುಚೋದೂ ಹೀಗೇ. ರಬ್ಬರು ಪುಲ್ಲಿಯನ್ನ ಹಿಡಿಯುತ್ತೆ, ಜಾರುತ್ತೆ, ಹಿಡಿಯುತ್ತೆ. ಹಾಗಾಗಿ ನಾವು ಕೇಳಬೇಕಾದ ಪ್ರಶ್ನೆ "ಬೆಲ್ಟು ಹಳೇದಾ?" ಅನ್ನೋದಲ್ಲ, "ಯಾಕೆ ಜಾರ್ತಿದೆ?" ಅನ್ನೋದು.

ಮೊದಲು ಕಿವಿ ಕೊಡಿ

ಮೂರು ಬಗೆಯ ಶಬ್ದ ಇವೆ. ಮೊಬೈಲಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮೆಕ್ಯಾನಿಕ್ ಹತ್ತಿರ ಹೋದಾಗ ಶಬ್ದ ಬರದೇ ಇರೋದು ಮಾಮೂಲಿ!

ಕೀಈಈ ಅಂತ ಉದ್ದಕ್ಕೆ ಎಳೆದು, ರೇಸ್ ಮಾಡಿದ್ರೆ ಜಾಸ್ತಿಯಾದ್ರೆ: ಬೆಲ್ಟು ಸಡಿಲ ಇರಬಹುದು, ಇಲ್ಲ ಯಾವುದೋ ಪುಲ್ಲಿ ಬಿಗಿದುಕೊಂಡಿದೆ.

ಚಿಂವ್ ಚಿಂವ್ ಅಂತ ತಾಳ ಹಾಕಿದ ಹಾಗೆ, ನಿಂತ ಗಾಡಿಯಲ್ಲಿ ಚೆನ್ನಾಗಿ ಕೇಳಿ, ವೇಗ ಏರಿದಾಗ ಮರೆಯಾದ್ರೆ: ಪುಲ್ಲಿಗಳು ಒಂದೇ ಸಾಲಲ್ಲಿ ಇಲ್ಲ ಅನ್ನೋ ಅನುಮಾನ.

ಗರಗರ, ಗುಂಯ್ ಅಂತ ಬಿಡದೆ ಬಂದ್ರೆ: ಇದು ಬೆಲ್ಟಿನದ್ದಲ್ಲ, ಬೇರಿಂಗಿನದ್ದು.

ಯಾವಾಗ ಬರುತ್ತೆ ಅನ್ನೋದೂ ಮುಖ್ಯ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಕಿರುಚಿ ಸ್ವಲ್ಪ ಹೊತ್ತಿಗೆ ನಿಂತ್ರೆ, ಆಲ್ಟರ್ನೇಟರ್ ಮೇಲೆ ಭಾರ ಬಿದ್ದಿದೆ. ಸೆಲ್ಫ್ ಹೊಡೆದಾಗ ಖಾಲಿಯಾದ ಬ್ಯಾಟರಿ ತುಂಬೋಕೆ ಅದು ಕಷ್ಟಪಡ್ತಿರುತ್ತೆ. ಬ್ಯಾಟರಿ ಹಳೇದಾಗಿದ್ರೆ ಈ ಭಾರ ಇನ್ನೂ ಜಾಸ್ತಿ. ಮಲ್ಟಿಮೀಟರ್ ಇದ್ರೆ ನೋಡಿ: ಇಂಜಿನ್ ಆಫ್ ಇದ್ದಾಗ ಸುಮಾರು 12.6 ವೋಲ್ಟ್, ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಇರಬೇಕು. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಮಾತ್ರ ಕಿರುಚಿದ್ರೆ ಸ್ಟೀರಿಂಗ್ ಪಂಪಿನ ಕಡೆ ನೋಡಿ, ಎ.ಸಿ. ಹಾಕಿದಾಗ ಆದ್ರೆ ಕಂಪ್ರೆಸರ್ ಕಡೆ. ಮಳೆ ನೀರು ಹಾರಿದಾಗ ಒಂದೆರಡು ಸೆಕೆಂಡ್ ಕೂಗಿ ನಿಂತ್ರೆ ಹೆದರಬೇಡಿ. ಪ್ರತಿ ಸಲ ಹಾಗಾದ್ರೆ ಬಿಗಿ ನೋಡಿಸಿ, ಇಂಜಿನ್ ಕೆಳಗಿನ ಕವರ್ ಬಿದ್ದುಹೋಗಿದೆಯಾ ಅಂತಲೂ ನೋಡಿ.

ನೀರಿನ ಪರೀಕ್ಷೆ

ಸಸಿಗೆ ನೀರು ಚಿಮುಕಿಸೋ ಸಣ್ಣ ಸ್ಪ್ರೇ ಬಾಟಲಿ ಸಾಕು. ಆದ್ರೆ ಬೇವಿನೆಣ್ಣೆ ತುಂಬಿದ್ದ ಬಾಟಲಿ ಮಾತ್ರ ಬೇಡವೇ ಬೇಡ. ಎಣ್ಣೆ ಪಸೆ ಬೆಲ್ಟಿಗೆ ತಾಗಿದ್ರೆ ಇಲ್ಲದ ಜಾರಾಟ ನಾವೇ ತಂದ ಹಾಗೆ.

ಗಾಡಿ ನ್ಯೂಟ್ರಲ್ಲಿಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಇಂಜಿನ್ ಸ್ಟಾರ್ಟಲ್ಲೇ ಇರಲಿ. ಬೆಲ್ಟಿನ ನೇರಕ್ಕೆ ನಿಲ್ಲಬೇಡಿ, ಪಕ್ಕಕ್ಕೆ ನಿಲ್ಲಿ. ಹೆಗಲ ಮೇಲಿನ ಟವೆಲ್, ಇಯರ್‌ಫೋನ್ ವೈರ್, ಉದ್ದ ತೋಳಿನ ಅಂಗಿ, ಎಲ್ಲಾ ದೂರ. ಬೆಲ್ಟಿನ ಗೆರೆ ಇರೋ ಕಡೆಗೆ ಸ್ವಲ್ಪ ನೀರು ಹೊಡೆಯಿರಿ.

ಶಬ್ದ ನಿಂತು, ಸ್ವಲ್ಪ ಹೊತ್ತಿಗೆ ಮತ್ತೆ ಬಂದ್ರೆ ಪುಲ್ಲಿ ಸಾಲು ತಪ್ಪಿದೆ. ನೀರು ಬಿದ್ದ ಕೂಡಲೇ ಶಬ್ದ ಜಾಸ್ತಿಯಾದ್ರೆ ಬಿಗಿ ಸಾಲ್ತಿಲ್ಲ, ಟೆನ್ಷನರ್ ಕಡೆ ನೋಡಬೇಕು. ಏನೂ ವ್ಯತ್ಯಾಸ ಆಗದಿದ್ರೆ ಬೇರಿಂಗ್ ಕಡೆ ಹೋಗಿ.

ಇಂಜಿನ್ ನಿಲ್ಲಿಸದೇ ಇನ್ನೊಂದು ಕೆಲಸ: ಮೊಬೈಲಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆಯಿರಿ, ಪಕ್ಕದಿಂದ, ಕೈ ದೂರ ಇಟ್ಟು. ಟೆನ್ಷನರಿನ ತೋಳು ಹೆಚ್ಚುಕಮ್ಮಿ ಅಲ್ಲಾಡದೆ ಇರಬೇಕು. ಕುಣಿಯುತ್ತಿದ್ರೆ ಅದರ ಆಯಸ್ಸು ಮುಗೀತು ಅಂತ. ಬೆಲ್ಟು ಪುಲ್ಲಿ ಮೇಲೆ ಆಚೀಚೆ ಸರಿಯುತ್ತಿದ್ರೂ ವಿಡಿಯೋದಲ್ಲಿ ಕಾಣುತ್ತೆ.

ಇಂಜಿನ್ ನಿಲ್ಲಿಸಿ ನೋಡಬೇಕಾದ್ದು

ಕೀ ತೆಗೆದು ಜೇಬಿಗೆ ಹಾಕಿಕೊಂಡು, ಇಂಜಿನ್ ತಣ್ಣಗಾದ ಮೇಲೆ ಮುಂದಿನದು.

ಬೆಲ್ಟಿನ ಒಳಮೈ ನೋಡಿ. ಹಳೆ ಕಾಲದ ನಿಯೋಪ್ರೀನ್ ಬೆಲ್ಟು ಬಿರುಕು ಬಿಟ್ಟು ತಾನೇ ಹೇಳ್ತಿತ್ತು. ಈಗಿನವು ಇಪಿಡಿಎಂ ರಬ್ಬರಿನವು. ಇವು ಬೇಗ ಬಿರುಕು ಬಿಡಲ್ಲ, ಟೈರಿನ ಹಾಗೆ ಸವೆಯುತ್ತವೆ. ನೋಡೋಕೆ ಚೆನ್ನಾಗೇ ಇದ್ರೂ ಗೆರೆಗಳ ನಡುವಿನ ಸಾಲು ಅಗಲ ಆಗಿ ಹಿಡಿತ ಹೋಗಿರುತ್ತೆ. ಗಾಜಿನ ಹಾಗೆ ಮಿಂಚೋದು, ಅಂಚಲ್ಲಿ ನೂಲು ಎದ್ದಿರೋದು, ಗೆರೆ ಕಿತ್ತಿರೋದು ಕಂಡ್ರೆ ಬದಲಾಯಿಸಿ. ಒಂದೇ ಅಂಚು ಸವೆದಿದ್ರೆ ಅದು ಸಾಲು ತಪ್ಪಿರೋದಕ್ಕೆ ಸಾಕ್ಷಿ.

ಎಣ್ಣೆ, ಕೂಲೆಂಟ್ ಬಿದ್ದಿದೆಯಾ ನೋಡಿ. ಬಿದ್ದಿದ್ರೆ ಮೊದಲು ಸೋರಿಕೆ ನಿಲ್ಲಿಸಿ, ಪುಲ್ಲಿ ಒರೆಸಿ, ಆಮೇಲೆ ಹೊಸ ಬೆಲ್ಟು.

ಬೆಲ್ಟು ಬಿಚ್ಚೋ ಮುಂಚೆ ಅದು ಸುತ್ತಿಕೊಂಡ ದಾರಿಯನ್ನ ಫೋಟೋ ತೆಗೆದುಕೊಳ್ಳಿ. ಬಿಚ್ಚಿದ ಮೇಲೆ ಒಂದೊಂದೇ ಪುಲ್ಲಿಯನ್ನ ಕೈಯಲ್ಲಿ ತಿರುಗಿಸಿ. ಗರಗರ ಅಂದ್ರೆ, ಆಚೀಚೆ ಅಲ್ಲಾಡಿದ್ರೆ ಆ ಬೇರಿಂಗ್ ಹೋಗಿದೆ. ಐಡ್ಲರ್ ಒಂದು ಸಲ ತಿರುಗಿಸಿದ್ದಕ್ಕೆ ಸದ್ದು ಮಾಡ್ತಾ ಬಹಳ ಹೊತ್ತು ಸುತ್ತುತ್ತಾ ಇದ್ರೆ ಒಳಗಿನ ಗ್ರೀಸ್ ಒಣಗಿದೆ ಅಂತ ತಿಳ್ಕೊಳ್ಳಿ.

ಕೊನೆಗೆ ಸಾಲು. ನೇರವಾದ ಒಂದು ಸ್ಟೀಲ್ ಸ್ಕೇಲನ್ನ ಅಕ್ಕಪಕ್ಕದ ಎರಡು ಗೆರೆ ಪುಲ್ಲಿಗಳ ಮುಖಕ್ಕೆ ಒತ್ತಿ ಹಿಡಿಯಿರಿ, ಇಲ್ಲ ಗೆರೆಗೆ ಗೆರೆ ಸರಿ ಬರುತ್ತಾ ನೋಡಿ. ನನ್ನ ಗಾಡಿಯ ಗುಟ್ಟು ಸಿಕ್ಕಿದ್ದು ಇಲ್ಲೇ. ಆಲ್ಟರ್ನೇಟರ್ ಪುಲ್ಲಿ ಒಂದಿಷ್ಟು ಹಿಂದಕ್ಕೆ ಕೂತಿತ್ತು. ಹಿಂದೊಮ್ಮೆ ಆಲ್ಟರ್ನೇಟರ್ ಬಿಚ್ಚಿ ರಿಪೇರಿ ಮಾಡಿಸಿದ್ದೆ. ವಾಪಸ್ ಕೂರಿಸುವಾಗ ಬೋಲ್ಟಿನ ಹಿಂದಿನ ಒಂದು ವಾಷರ್ ಬಿಟ್ಟುಹೋಗಿತ್ತು. ಅದೊಂದು ವಾಷರ್ ಇಲ್ಲದ್ದಕ್ಕೆ ಎರಡು ಬೆಲ್ಟು, ಒಂದು ಗಾಡಿ ಸೊಪ್ಪು ಹೋಯ್ತು. ವಾಷರ್ ಹಾಕಿಸಿದ ದಿನದಿಂದ ಗಾಡಿ ಮೌನವ್ರತ.

ಮಾಡಬಾರದ್ದು

ಸೋಪು, ಮೇಣ, ಗ್ರೀಸ್, ಅಂಟು ಸ್ಪ್ರೇ ಯಾವುದನ್ನೂ ಬೆಲ್ಟಿಗೆ ಹಚ್ಚಬೇಡಿ. ಪಿಟೀಲಿನ ಕಮಾನಿಗೆ ರಾಳ ಹಚ್ಚೋದು ಶಬ್ದ ಬರಲಿ ಅಂತ! ಬೆಲ್ಟಿಗೆ ಅಂಟು ಹಚ್ಚಿದ್ರೆ ನಾಲ್ಕು ದಿನ ಸುಮ್ಮನಿದ್ದು, ಧೂಳು ಹಿಡಿದು, ಇನ್ನೂ ಜೋರಾಗಿ ಕೂಗುತ್ತೆ. ಅಷ್ಟರಲ್ಲಿ ನಿಜವಾದ ಕಾರಣವೂ ಬಲಿತಿರುತ್ತೆ.

ಕೈಯಲ್ಲಿ ಬಿಗಿ ಮಾಡೋ ಬೆಲ್ಟಾದ್ರೆ ಶಬ್ದ ನಿಲ್ಲಲಿ ಅಂತ ವಿಪರೀತ ಬಿಗಿಯಬೇಡಿ. ಶಬ್ದ ನಿಲ್ಲಬಹುದು, ಆಲ್ಟರ್ನೇಟರ್ ಮತ್ತು ವಾಟರ್ ಪಂಪಿನ ಬೇರಿಂಗ್ ಮಾತ್ರ ಬೇಗ ಹೋಗುತ್ತೆ.

ಟ್ರ್ಯಾಕ್ಟರ್ ಇದ್ದವರಿಗೆ

ನಮ್ಮಲ್ಲಿನ ಬಹಳಷ್ಟು ಟ್ರ್ಯಾಕ್ಟರುಗಳಲ್ಲಿ ಇರೋದು ವಿ ಆಕಾರದ ಬೆಲ್ಟು. ಅದಕ್ಕೆ ತಾನೇ ಬಿಗಿಯೋ ಟೆನ್ಷನರ್ ಇರಲ್ಲ. ಇಂಜಿನ್ ನಿಲ್ಲಿಸಿ, ಎರಡು ಪುಲ್ಲಿ ನಡುವಿನ ಉದ್ದದ ಜಾಗದಲ್ಲಿ ಹೆಬ್ಬೆರಳಲ್ಲಿ ಒತ್ತಿ. ಸಾಮಾನ್ಯವಾಗಿ 10ರಿಂದ 12 ಮಿ.ಮೀ. ಒಳಗೆ ಹೋಗಬೇಕು. ನಿಮ್ಮ ಮ್ಯಾನುಯಲ್ಲಿನಲ್ಲಿ ಬೇರೆ ಅಳತೆ ಇದ್ರೆ ಅದೇ ಸರಿ. ಬೆಲ್ಟು ಪುಲ್ಲಿಯನ್ನ ಹಿಡಿಯಬೇಕಾದ್ದು ಎರಡು ಪಕ್ಕದಲ್ಲಿ. ಸವೆದು ಪುಲ್ಲಿಯ ತಳಕ್ಕೇ ತಾಗುತ್ತಿದ್ರೆ ಎಷ್ಟು ಬಿಗಿದ್ರೂ ಜಾರುತ್ತೆ, ಬದಲಾಯಿಸಲೇಬೇಕು.

ದಾರಿಯಲ್ಲಿ ಕಿತ್ತುಹೋದ್ರೆ

ಬ್ಯಾಟರಿ ದೀಪ ಹೊತ್ತಿ, ಸ್ಟೀರಿಂಗ್ ಬಿಗಿಯಾದ್ರೆ ಗಾಡಿ ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಿ. "ಇನ್ನೆರಡು ಕಿಲೋಮೀಟರ್ ತಾನೇ" ಅನ್ಬೇಡಿ. ಕಾದ ರೇಡಿಯೇಟರಿನ ಮುಚ್ಚಳ ತೆರೆಯಬೇಡಿ, ಬಿಸಿನೀರು ಮುಖಕ್ಕೇ ಚಿಮ್ಮುತ್ತೆ.

ಸೀಟಿನ ಹಿಂದೆ ಒಂದು ಬೆಲ್ಟು ಇಟ್ಟುಕೊಳ್ಳಿ. ಬೆಲ್ಟಿನ ಬೆನ್ನ ಮೇಲೆ 6ಪಿಕೆ1550 ಅನ್ನೋ ತರಹದ ನಂಬರ್ ಇರುತ್ತೆ. 6 ಅಂದ್ರೆ ಆರು ಗೆರೆ, ಪಿಕೆ ಅಂದ್ರೆ ಗೆರೆಯ ಮಾದರಿ, 1550 ಅಂದ್ರೆ ಉದ್ದ ಮಿ.ಮೀ.ಗಳಲ್ಲಿ. ಓಡಿ ಓಡಿ ಈ ಅಕ್ಷರ ಅಳಿಸಿಹೋಗೋ ಮುಂಚೆ ಫೋಟೋ ತೆಗೆದಿಡಿ. ಈಗ ನನ್ನ ಮೊಬೈಲಲ್ಲಿ ಆ ನಂಬರ್, ಬೆಲ್ಟು ಸುತ್ತೋ ದಾರಿಯ ಫೋಟೋ, ಚೆನ್ನಾಗಿರೋ ಇಂಜಿನ್ನಿನ ಶಬ್ದ, ಮೂರೂ ಇವೆ. ಶುಕ್ರವಾರ ಸಂಜೆ ಸೊಪ್ಪು ಕಟ್ಟೋ ಮುಂಚೆ ಬಾನೆಟ್ ಎತ್ತಿ ಒಂದು ನಿಮಿಷ ಕಿವಿ ಕೊಡ್ತೀನಿ. ನೀವೂ ಈ ವಾರ ಒಂದು ಸಲ ಬಾನೆಟ್ ಎತ್ತಿ ನೋಡಿ.